ಮರಡೋನಾ ಒಳ್ಳೆಯವನಾ ಕೆಟ್ಟವನಾ ಅನ್ನೋ ಜಗಳಕ್ಕೆ ನಂದೂ ಒಂದು ಮಾತು

ಸಂಪಾದಕರಿಗೆ ನಮಸ್ಕಾರ.

ನಾನು ಗೋವಾದ ವಾಸ್ಕೊ ಊರಿನ ಬೈನಾದಲ್ಲಿ ಇರೋನು. ಊರು ಬದಾಮಿ ಕಡೆ, ಅಪ್ಪ ಮಾರ್ಮಗೋವಾ ಬಂದರಿನಲ್ಲಿ ಅದಿರು ಲೋಡಿಂಗ್ ಕೆಲಸಕ್ಕೆ ಅಂತ ಬಂದವರು ಇಲ್ಲೇ ಉಳಿದುಬಿಟ್ರು. ನಿಮ್ಮ ಪೇಪರನ್ನ ನಾವು ಚಹಾದಂಗಡಿಯಲ್ಲಿ ಓದ್ತೀವಿ, ಒಂದೇ ಕಾಪಿ, ಹತ್ತು ಜನ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಹಾಳೆ. ಯಾವಾಗಲೂ ನೀರು ಬರಲ್ಲ, ಕನ್ನಡ ಶಾಲೆಗೆ ಮೇಷ್ಟ್ರಿಲ್ಲ ಅಂತ ಬರೀಬೇಕು ಅನ್ಕೋತಿದ್ದೆ, ಆದರೆ ಈಗ ಬರೀತಿರೋದು ಫುಟ್‌ಬಾಲ್ ಬಗ್ಗೆ, ಅದರಲ್ಲೂ ಸತ್ತು ಹೋದ ಅರ್ಜೆಂಟೀನಾದ ಆಟಗಾರ ಮರಡೋನಾ ಬಗ್ಗೆ, ಯಾಕಂದ್ರೆ ಹದಿನೈದು ದಿನದಿಂದ ನಮ್ಮ ಓಣಿಯಲ್ಲಿ ಇದೇ ಜಗಳ, ಇಬ್ಬರು ಹಳೇ ಗೆಳೆಯರು ಮಾತು ಬಿಟ್ಟಿದ್ದಾರೆ.

ವಿಷಯ ಏನಂದ್ರೆ ಅವನು ತೀರಿಕೊಂಡ ನವೆಂಬರ್ 25ರ ಸುಮಾರಿಗೆ ನಮ್ಮ ಹುಡುಗರು ಒಂದು ಸಣ್ಣ ಟೂರ್ನಮೆಂಟ್ ಇಡ್ತಾರೆ. ಈ ವರ್ಷ ಮೊದಲನೇ ಸಲ ಹೆಣ್ಣುಮಕ್ಕಳ ಟೀಮೂ ಆಡ್ತಿದೆ. ಜೆರ್ಸಿ ಮೇಲೆ ಮರಡೋನಾ ಫೋಟೋ ಪ್ರಿಂಟ್ ಮಾಡ್ಸೋಣ ಅಂತ ಮೀಟಿಂಗ್‌ನಲ್ಲಿ ಮಾತು ಬಂದಾಗ ಒಬ್ಬ ಹುಡುಗಿಯ ತಾಯಿ ಎದ್ದು ನಿಂತು, ನನ್ನ ಮಗಳ ಅಂಗಿ ಮೇಲೆ ಅವನ ಮುಖ ಬೇಡ ಅಂದ್ರು. ಅಷ್ಟೇ ಅಂದಿದ್ದು. ಅಲ್ಲಿಂದ ಶುರುವಾಯ್ತು. ನನ್ನ ವಯಸ್ಸಿನವರೆಲ್ಲ ಅವನು ದೇವ್ರು ಅವನ ಬಗ್ಗೆ ಮಾತಾಡಬ್ಯಾಡ್ರಿ ಅಂತ ಮೇಲೆ ಬಿದ್ರು, ಮೆಸ್ಸಿ ನೋಡಿ ಬೆಳೆದ ಹುಡುಗರು ಡ್ರಗ್ಸ್ ತಗೊಂಡವನು, ಕೈಲಿ ಗೋಲ್ ಹೊಡೆದ ಮೋಸಗಾರ ಅಂದ್ರು, ಒಬ್ಬ ಹಿರಿಯರಂತೂ "ಹೆಣ್ಣಮಕ್ಕಳಿಗೆ ಈ ಆಟದಾಗಿಂದ ಏನ್ ತಿಳೀತದ" ಅಂದುಬಿಟ್ರು. ಆ ತಾಯಿ ಮಗಳನ್ನ ಕರ್ಕೊಂಡು ಹೊರಟುಹೋದ್ರು. ನಾನು ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ಅದಕ್ಕೇ ಈ ಪತ್ರ.

ಮೊದಲು ನಾವು ಅವನನ್ನ ಯಾಕೆ ಇಷ್ಟು ಹಚ್ಕೊಂಡಿದ್ದೀವಿ ಅಂತ ಹೇಳ್ತೀನಿ, ಇಲ್ಲಾಂದ್ರೆ ನಾನು ಅವನ ವಿರೋಧಿ ಅನ್ಕೋತೀರಿ. ಬ್ಯೂನಸ್ ಐರಿಸ್ ಅಂಚಿನ ವಿಲ್ಲಾ ಫಿಯೊರಿಟೊ ಅನ್ನೋ ಕೊಳಗೇರಿಯಲ್ಲಿ ಬೆಳೆದವನು, ಮಣ್ಣಿನ ದಾರಿ, ತಗಡಿನ ಮನೆ, ನೆಟ್ಟಗೆ ನೀರಿಲ್ಲ. ಬೈನಾ ಸಮುದ್ರದ ದಂಡೆ ಮೇಲೆ ಗುಡಿಸಲಲ್ಲಿ ಹುಟ್ಟಿದ ನಮಗೆ ಅದನ್ನ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. 1984ರಲ್ಲಿ ಬಾರ್ಸಿಲೋನಾ ಬಿಟ್ಟು ನೇಪಲ್ಸ್ ಊರಿನ ನಾಪೊಲಿ ಕ್ಲಬ್ಬಿಗೆ ಬಂದ, ಒಂದು ಸಲವೂ ಇಟಲಿಯ ಲೀಗ್ ಗೆಲ್ಲದ ಟೀಮು ಅದು. ಉತ್ತರ ಇಟಲಿಯ ಸ್ಟೇಡಿಯಮ್ಮುಗಳಲ್ಲಿ ನೇಪಲ್ಸ್ ಜನರಿಗೆ ಕೊಳಕರು, ರೋಗಿಷ್ಟರು ಅಂತ ಕೂಗ್ತಿದ್ರಂತೆ, ಸ್ನಾನ ಮಾಡಿ ಬನ್ನಿ ಅಂತ ಬ್ಯಾನರ್ ಹಿಡೀತಿದ್ರಂತೆ. ಗೋವಾದಲ್ಲಿ ನಮ್ಮನ್ನ ಘಾಂಟಿ ಅಂತ ಕರೀತಾರಲ್ಲ, ಕೆಲಸಕ್ಕೆ ಬೇಕು ಆದರೆ ಬಸ್ಸಲ್ಲಿ ಪಕ್ಕ ಕೂರೋದು ಬೇಡ, ಅದೇ ಥರ. ಅಂಥಾ ಊರಿಗೆ 1987ರಲ್ಲೂ 1990ರಲ್ಲೂ ಲೀಗ್ ಗೆಲ್ಲಿಸಿಕೊಟ್ಟ, ನಡುವೆ 1989ರಲ್ಲಿ ಯುಇಎಫ್‌ಎ ಅನ್ನೋ ಯುರೋಪಿನ ಕಪ್ಪು ಬೇರೆ. 1985ರಲ್ಲಿ ನೇಪಲ್ಸ್ ಹತ್ತಿರದ ಅಚೆರ್ರಾ ಅನ್ನೋ ಊರಲ್ಲಿ ಒಂದು ಮಗುವಿನ ಆಪರೇಷನ್‌ಗೆ ದುಡ್ಡು ಕೂಡಿಸೋಕೆ, ಕ್ಲಬ್ಬಿನವರು ಬೇಡ ಅಂದ್ರೂ, ಕೆಸರು ಗದ್ದೆಯಂಥ ಮೈದಾನದಲ್ಲಿ ಆಡಿಬಂದ. ಕಾರು ನಿಲ್ಲಿಸೋ ಜಾಗದಲ್ಲಿ ವಾರ್ಮ್‌ಅಪ್ ಮಾಡಿದ್ನಂತೆ. ಇದೆಲ್ಲ ಸುಳ್ಳಲ್ಲ, ಇದನ್ನ ಅವನಿಂದ ಯಾರೂ ಕಿತ್ಕೊಳ್ಳೋಕಾಗಲ್ಲ. ಅವನು ಸತ್ತ ಮೇಲೆ ನಾಪೊಲಿ ಸ್ಟೇಡಿಯಂಗೆ ಅವನ ಹೆಸರೇ ಇಟ್ರು, ಸರಿಯಾಗೇ ಮಾಡಿದ್ರು.

1986ರ ಜೂನ್ 22, ವಿಶ್ವಕಪ್‌ನಲ್ಲಿ ಅರ್ಜೆಂಟೀನಾ-ಇಂಗ್ಲೆಂಡ್ ಆಟ. ನನಗೆ ಒಂಬತ್ತು ವರ್ಷ, ನಮ್ಮಣ್ಣನಿಗೆ ಹತ್ತೊಂಬತ್ತು. ಮೆಕ್ಸಿಕೋದಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆ ಆಟ ಅಂದ್ರೆ ನಮಗೆ ರಾತ್ರಿ ಹನ್ನೊಂದೂವರೆ, ಹೊರಗೆ ಧೋ ಅಂತ ಮಳೆ. ಟಿವಿ ಇದ್ದಿದ್ದು ಮೇಲಿನ ರಸ್ತೆಯ ಒಬ್ಬರ ಮನೆಯಲ್ಲಿ, ಒಳಗೆ ಜಾಗ ಇಲ್ಲ, ಅಣ್ಣ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಕಿಟಕಿ ಹತ್ತಿರ ನಿಂತಿದ್ದ, ಇಬ್ಬರ ತಲೆ ಮೇಲೂ ಒಂದೇ ಗೊಬ್ಬರದ ಚೀಲ. ಇಂಗ್ಲೆಂಡ್ ಮೇಲೆ 51ನೇ ನಿಮಿಷಕ್ಕೆ ಮರಡೋನಾನ ಮೊದಲ ಗೋಲ್ ಬಿತ್ತು, ಎಲ್ಲರೂ ಕುಣಿದ್ರು. ಮತ್ತೆ ತೋರಿಸಿದಾಗ ಅಣ್ಣ ಮೆಲ್ಲಗೆ "ಕೈ ಹಚ್ಯಾನ ಲೇ" ಅಂದ. ಅವನೇ ಮೊದಲು ಅಂದಿದ್ದು. ಟ್ಯುನೀಷಿಯಾದ ರೆಫ್ರಿ ಬೆನ್ನಸೂರ್ ಕಣ್ಣಿಗೆ ಬೀಳದ ಕೈ ಬೈನಾದ ಕಿಟಕಿಯಲ್ಲಿ ನಿಂತ ನಮ್ಮಣ್ಣನ ಕಣ್ಣಿಗೆ ಬಿತ್ತು. ನಾಲ್ಕು ನಿಮಿಷ ಆದ ಮೇಲೆ ತನ್ನ ಅರ್ಧದಿಂದ ಬಾಲ್ ತಗೊಂಡು ಒಬ್ಬೊಬ್ಬರನ್ನೇ ದಾಟಿಸಿ ಕೊನೆಗೆ ಇಂಗ್ಲೆಂಡ್ ಗೋಲ್‌ಕೀಪರ್ ಶಿಲ್ಟನ್‌ನನ್ನೂ ದಾಟಿಸಿ ಹೊಡೆದ ಆ ಎರಡನೇ ಗೋಲು. ಅದಕ್ಕೆ ಅಣ್ಣ ಕೂಗಲಿಲ್ಲ, ನನ್ನ ಎರಡೂ ಕಾಲು ಗಟ್ಟಿಯಾಗಿ ಹಿಡ್ಕೊಂಡ, ನೋವಾಗೋ ಅಷ್ಟು. ಈಗಲೂ ಆ ಹಿಡಿತ ನೆನಪಿದೆ.

ಈಗ ನನ್ನ ತಕರಾರಿಗೆ ಬರ್ತೀನಿ. ಮರಡೋನಾ ಗುಣದ ಬಗ್ಗೆ ಜಗಳ ಬಂದ್ರೆ ಸಾಕು, ಎರಡೇ ವಿಷಯ, ಕೈ ಗೋಲು ಮತ್ತೆ ಡ್ರಗ್ಸು. ಕೊಕೇನ್ ಸಿಕ್ಕಿ 1991ರಲ್ಲಿ ಹದಿನೈದು ತಿಂಗಳು ಬ್ಯಾನ್ ಆದ, 1994ರ ವಿಶ್ವಕಪ್‌ನಿಂದ ಎಫೆಡ್ರಿನ್ ಅನ್ನೋ ನಿಷೇಧಿತ ಔಷಧ ಸಿಕ್ತು ಅಂತ ಹೇಳಿ ಕಳಿಸಿಬಿಟ್ರು, ಇದನ್ನೇ ಇವರು ಬೈತಾರೆ, ಅವರು ಸಮರ್ಥಿಸ್ತಾರೆ. ಅಲ್ರೀ, ಕೈ ಗೋಲಿಂದ ಇಂಗ್ಲೆಂಡ್‌ಗೆ ಒಂದು ಮ್ಯಾಚ್ ಹೋಯ್ತು, ಕೊಕೇನ್‌ನಿಂದ ಹೋಗಿದ್ದು ಹೆಚ್ಚಿಗೆ ಅವನದೇ ದೇಹ. ಮನೆಯೊಳಗಿನವರ ಲೆಕ್ಕ ಯಾಕೆ ಯಾರೂ ತೆಗಿಯಲ್ಲ? ಅದೇ 1986ರ ಸೆಪ್ಟೆಂಬರ್‌ನಲ್ಲಿ, ಅಂದ್ರೆ ವಿಶ್ವಕಪ್ ಎತ್ತಿ ಮೂರು ತಿಂಗಳೂ ಪೂರ್ತಿ ಆಗಿರಲಿಲ್ಲ, ನೇಪಲ್ಸ್‌ನಲ್ಲಿ ಅವನಿಗೆ ಒಬ್ಬ ಮಗ ಹುಟ್ಟಿದ. ತಾಯಿ ಆ ಹುಡುಗನಿಗೆ ಡಿಯಾಗೊ ಅಂತಲೇ ಹೆಸರಿಟ್ಟಳು. ಮರಡೋನಾ ಮಾತ್ರ ಇವನು ನನ್ನ ಮಗನೇ ಅಲ್ಲ ಅಂದ, ಡಿಎನ್‌ಎ ಟೆಸ್ಟ್‌ಗೂ ಬರಲಿಲ್ಲ. 1993ರಲ್ಲಿ ಇಟಲಿ ಕೋರ್ಟು ನೀನೇ ತಂದೆ ಅಂತ ತೀರ್ಪು ಕೊಟ್ಟರೂ ಒಪ್ಪಲಿಲ್ಲ. 2003ರಲ್ಲಿ ಹದಿನಾರು ವರ್ಷದ ಆ ಹುಡುಗ ಅಪ್ಪ ಗಾಲ್ಫ್ ಆಡ್ತಿದ್ದ ಜಾಗಕ್ಕೆ ಹೇಗೋ ನುಸುಳಿಕೊಂಡು ಹೋಗಿ ಮೊದಲನೇ ಸಲ ಮುಖಾಮುಖಿ ಆದ. ಎಲ್ಲರ ಮುಂದೆ ಮಗ ಅಂತ ಅಪ್ಪಿಕೊಂಡಿದ್ದು 2016ರಲ್ಲಿ. ಹುಡುಗನಿಗೆ ಮೂವತ್ತು ತುಂಬೋ ಹೊತ್ತಿಗೆ. ನೇಪಲ್ಸ್‌ನ ಗೋಡೆ ಗೋಡೆ ಮೇಲೂ ಅಪ್ಪನ ಚಿತ್ರ, ಶಾಲೆಗೆ ಹೋಗೋ ದಾರಿಯಲ್ಲಿ ಅದನ್ನ ದಿನಾ ನೋಡಿ ಬೆಳೆದ ಮಗು ಅದು. ಇದರ ಮುಂದೆ ಕೈ ಗೋಲು ಒಂದು ತಪ್ಪೇನ್ರಿ?

2014ರಲ್ಲಿ ಅವನ ಜೊತೆಗಿದ್ದ ಹೆಣ್ಣುಮಗಳ ಜೊತೆ ಜಗಳದ ವಿಡಿಯೋ ಹೊರಗೆ ಬಂತು, ಫೋನ್ ಎಸೆದಿದ್ದು ಹೌದು ಹೊಡೆದಿಲ್ಲ ಅಂದ. ಅಲ್ಲಿಗೆ ಬಿಟ್ಟುಬಿಟ್ರು.

ನನ್ನ ಮನೆಯದೇ ಹೇಳಿಬಿಡ್ತೀನಿ. ನಮ್ಮಣ್ಣ ಎಡಗಾಲಿನ ಆಟಗಾರ, ದೊಡ್ಡ ಕ್ಲಬ್ಬಿಗೆ ಹೋಗಲಿಲ್ಲ ಆದರೆ ಈ ಭಾಗದ ಮೈದಾನಗಳಲ್ಲಿ ಅವನ ಹೆಸರು ಹೇಳಿದ್ರೆ ಜನ ಸೇರ್ತಿದ್ರು. ಬಂದರಿನ ಕೆಲಸ ಮುಗಿಸಿ ಅದಿರಿನ ಕೆಂಪು ಧೂಳು ಮೆತ್ತಿದ ಕಾಲಲ್ಲೇ ಬಂದು ಆಡ್ತಿದ್ದ. ಕುಡೀತಿದ್ದ. ಕುಡಿದ ದಿನ ವೈನಿಗೆ, ಅಂದ್ರೆ ನಮ್ಮ ಅತ್ತಿಗೆಗೆ, ಹೊಡೀತಿದ್ದ. ಇದು ಓಣಿಗೆಲ್ಲ ಗೊತ್ತಿತ್ತು, ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು ಯಾಕಂದ್ರೆ ನಡುವೆ ಇದ್ದಿದ್ದು ಒಂದು ತಗಡಿನ ಗೋಡೆ. ಮೂರು ವರ್ಷದ ಹಿಂದೆ ಲಿವರ್ ಕೆಟ್ಟು ಹೋದ. ಮೈದಾನದಲ್ಲಿ ಶೋಕಸಭೆ ಇಟ್ಟರು, ಫೋಟೋ ಕೆಳಗೆ ಅವನ ಬೂಟು, ಒಂದು ಬಾಲು. ನನ್ನ ಕೈಗೆ ಮೈಕ್ ಕೊಟ್ಟರು. ನಾನು ಏನಂದೆ ಅಂದ್ರೆ, ನಮ್ಮಣ್ಣ ಯಾರ ಮನಸ್ಸನ್ನೂ ನೋಯಿಸಿದವನಲ್ಲ ಅಂದೆ. ಹಿಂದೆ ಹೆಂಗಸರ ಸಾಲಲ್ಲಿ ವೈನಿ ಕೂತಿದ್ರು. ಮೈಕಿನ ಸದ್ದು ಬೈನಾ ಪೂರ್ತಿ ಕೇಳ್ತಿತ್ತು.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ವೈನಿ ನಲ್ಲಿ ಹತ್ತಿರ ಬಟ್ಟೆ ಒಗೀತಿದ್ರು. ಒಂದು ಒದ್ದೆ ಚಾದರ ಎತ್ತಿ ನನ್ನ ಕಡೆ ಹಿಡಿದು "ಇದನ್ನಷ್ಟ ಹಿಂಡಿ ಕೊಡ್ರಿ, ನನಗ ಆಗೂದಿಲ್ಲ" ಅಂದ್ರು. ಅವರ ಎಡ ಮಣಿಕಟ್ಟು ಸೊಟ್ಟ ಕೂಡಿದೆ, ತಿರುವೋಕೆ ಬರಲ್ಲ. ಮುರಿದ ದಿನ ದವಾಖಾನೆಯಲ್ಲಿ ನಲ್ಲಿ ಹತ್ತಿರ ಜಾರಿ ಬಿದ್ದೆ ಅಂತ ಹೇಳಿದ್ರು, ಕರ್ಕೊಂಡು ಹೋಗಿದ್ದವನು ನಾನೇ, ಹೌದು ಡಾಕ್ಟ್ರೇ ಜಾರಿದ್ರು ಅಂತ ನಾನೂ ಅಂದಿದ್ದೆ. ಚಾದರ ಹಿಂಡಿ ಕೊಟ್ಟೆ. ಅವರು ಇನ್ನೊಂದು ಮಾತು ಆಡಲಿಲ್ಲ, ಶೋಕಸಭೆ ಬಗ್ಗೆಯೂ ಕೇಳಲಿಲ್ಲ, ಒಳಗೆ ಹೋಗಿ ಚಹಾ ಮಾಡ್ಕೊಂಡು ಬಂದ್ರು. ಆ ಚಹಾ ನನಗೆ ಕುಡಿಯೋಕಾಗಲಿಲ್ಲ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ. ಒಪ್ತೀನಿ, ಹೆಣದ ಮುಂದೆ ನಿಂತು ಬೈಯೋದು ನಮ್ಮ ಕಡೆ ರೀತಿಯಲ್ಲ. ಆದರೆ ಕೆಟ್ಟದ್ದು ಆಡದೇ ಇರೋದು ಬೇರೆ, ಇಲ್ಲದ ಒಳ್ಳೆಯದನ್ನ ಮೈಕಲ್ಲಿ ಕೂಗೋದು ಬೇರೆ. ನಾನು ಎರಡನೇದು ಮಾಡಿದೆ, ನನ್ನ ವೈನಿಯ ಕೈ ಮುರಿದೇ ಇಲ್ಲ ಅಂತ ಇಡೀ ಓಣಿ ಮುಂದೆ ಹೇಳಿದ ಹಾಗೆ ಆಯ್ತು.

ಮರಡೋನಾ ಸತ್ತ ಮೂರನೇ ದಿನಕ್ಕೆ ಸ್ಪೇನ್‌ನಲ್ಲಿ ಪಾವ್ಲಾ ದಪೇನಾ ಅನ್ನೋ ಆಟಗಾರ್ತಿ ಏನು ಮಾಡಿದ್ಲು ಅಂತ ನಮ್ಮ ಹಿರಿಯರಿಗೆ ಗೊತ್ತಿದ್ರೆ ಚೆನ್ನಾಗಿತ್ತು. ಮ್ಯಾಚ್‌ಗೆ ಮುಂಚೆ ಒಂದು ನಿಮಿಷ ಮೌನ ಅಂತ ಎರಡೂ ಟೀಮಿನವರು ಸಾಲಾಗಿ ನಿಂತರು, ಇವಳೊಬ್ಬಳು ಬೆನ್ನು ತಿರುಗಿಸಿ ನೆಲದ ಮೇಲೆ ಕೂತಳು. ಅವನು ಸತ್ತ ನವೆಂಬರ್ 25 ಇದೆಯಲ್ಲ, ಅದು ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ನಿಲ್ಲಿಸಿ ಅಂತ ಜಗತ್ತೆಲ್ಲ ಆಚರಿಸೋ ದಿನ. ಹೊಡೆತ ತಿಂದವರಿಗೆ ಒಂದು ನಿಮಿಷ ಮೌನ ಇಡಲಿಲ್ಲ, ಇವನಿಗೆ ಯಾಕೆ ನಾನು ನಿಲ್ಲಲಿ ಅನ್ನೋದು ಅವಳ ಮಾತು. ಕೊಲ್ತೀವಿ ಅಂತ ಬೆದರಿಕೆ ಬಂತು ಅವಳಿಗೆ. ಕೂತಿದ್ದಕ್ಕೆ! ನಮ್ಮ ಓಣಿಯ ಆ ತಾಯಿಗೆ ಅಷ್ಟು ದೂರ ಹೋಗಲಿಲ್ಲ ಪುಣ್ಯ, ಆದರೆ ಅವರ ಮಗಳು ನಾಲ್ಕು ದಿನದಿಂದ ಪ್ರಾಕ್ಟೀಸ್‌ಗೆ ಬಂದಿಲ್ಲ, ಹನ್ನೆರಡು ವರ್ಷದ ಹುಡುಗಿ, ಬಾಲ್ ನಿಲ್ಲಿಸೋ ರೀತಿ ನೋಡಬೇಕು ನೀವು, ಕಾಲಿಗೆ ಗೋಂದು ಹಚ್ಚಿದ ಹಾಗೆ ನಿಲ್ಲುತ್ತೆ.

ಗೋವಾದಲ್ಲಿ ಇಂಥ ಜಗಳ ಹೊಸದೂ ಅಲ್ಲ. 2021ರಲ್ಲಿ ಕಳಂಗುಟ್‌ನಲ್ಲಿ ರೊನಾಲ್ಡೊ ಮೂರ್ತಿ ನಿಲ್ಸಿದಾಗ, ಪೋರ್ಚುಗೀಸರಿಂದ ಬಿಡುಗಡೆಯಾಗಿ ಅರವತ್ತು ವರ್ಷ ಆದಾಗ ಪೋರ್ಚುಗಲ್ ಆಟಗಾರನ ಮೂರ್ತಿ ಯಾಕೆ, ನಮ್ಮ ಗೋವಾದ ಆಟಗಾರರು ಇಲ್ವಾ ಅಂತ ಜನ ಕಪ್ಪು ಬಾವುಟ ಹಿಡಿದು ಕೇಳಿದ್ರು. ಕೇಳೋ ಹಕ್ಕು ಅವರಿಗೆ ಇತ್ತು ಅಂದ್ರೆ ನಮ್ಮ ಓಣಿಯ ತಾಯಿಗೂ ಇದೆ.

ಮರಡೋನಾ ಸ್ವತಃ 2001ರಲ್ಲಿ ಹಳೇ ಕ್ಲಬ್ಬು ಬೊಕಾದ ಸ್ಟೇಡಿಯಂನಲ್ಲಿ ತನ್ನ ಬೀಳ್ಕೊಡುಗೆ ಆಟದ ದಿನ, ತಪ್ಪು ಮಾಡಿದೆ ಅದಕ್ಕೆ ಬೆಲೆ ಕೊಟ್ಟೆ, ಆದರೆ ಬಾಲಿಗೆ ಕಲೆ ಹತ್ತಲ್ಲ ಅಂತ ಅಳ್ತಾ ಹೇಳಿದ. ಆ ವಿಡಿಯೋ ನೋಡಿದಾಗೆಲ್ಲ ನನ್ನ ಕಣ್ಣಲ್ಲೂ ನೀರು ಬರುತ್ತೆ, ಈಗಲೂ. ಆದರೆ ಬೆಲೆ ಅವನೊಬ್ಬನೇ ಕೊಟ್ಟಿದ್ದಲ್ಲ, ಆ ಮಗ ಮೂವತ್ತು ವರ್ಷ ಕೊಟ್ಟ.

ಸಂಪಾದಕರೇ, ನಮ್ಮ ಕಮಿಟಿಯವರು ನಿಮ್ಮ ಪೇಪರ್ ಓದ್ತಾರೆ ಅಂತ ಇಲ್ಲಿ ಬರೀತಿದೀನಿ, ಮುಖಾಮುಖಿ ಹೇಳೋಕೆ ಹೋದ್ರೆ ಮತ್ತೆ ಗಲಾಟೆ. ಬ್ಯಾನರ್ ಮೇಲೆ ಅವನ ಫೋಟೋ ಇರಲಿ, ನಾನೇ ಕಟ್ತೀನಿ. ಹೆಣ್ಣುಮಕ್ಕಳ ಜೆರ್ಸಿ ಮೇಲೆ ಬೇಡ, ಅವರಿಗೆ ಬೇಕಾದ ಬಣ್ಣ ಬೇಕಾದ ನಂಬರ್ ಹಾಕ್ಸೋಣ, ಖರ್ಚು ನಂದು. ಮೌನ ಅಂತ ನಿಲ್ಲೋವಾಗ ಯಾರಾದ್ರೂ ಕೂತ್ರೆ ಅವರನ್ನ ಯಾರೂ ಕೇಳಬಾರದು. ಆ ತಾಯಿಯ ಮನೆಗೆ ಕಮಿಟಿಯಿಂದ ಇಬ್ಬರು ಹೋಗಿ ಮಗಳನ್ನ ಕರೀಬೇಕು, ಒಬ್ಬ ನಾನು ಬರ್ತೀನಿ, ಇನ್ನೊಬ್ಬರು ಅವತ್ತು ಆ ಮಾತು ಆಡಿದ ಹಿರಿಯರೇ ಆದ್ರೆ ಒಳ್ಳೇದು.

ಈ ವರ್ಷವೂ ಮೈಕ್ ನನ್ನ ಕೈಗೇ ಕೊಡ್ತಾರೆ. ಅಣ್ಣನ ಎಡಗಾಲಿನ ಬಗ್ಗೆ ಹೇಳ್ತೀನಿ, ವೈನಿಯ ಎಡಗೈ ಬಗ್ಗೆಯೂ ಹೇಳ್ತೀನಿ. ಈ ಪತ್ರ ವೈನಿಗೆ ಓದಿ ಹೇಳಿ, ಅವರು ಹೂಂ ಅಂದ ಮೇಲೇ ಕಳಿಸ್ತಿದೀನಿ. ಅವತ್ತು ಮೈದಾನಕ್ಕೆ ಬರ್ತೀರಾ ಅಂತ ಕೇಳಿದೆ. "ನೋಡೂಣು, ನೀರು ಬಿಡೂ ಟೈಮ್ ಇರ್ತದ" ಅಂದ್ರು. ನೀರು ನಾನು ಹಿಡಿದಿಡ್ತೀನಿ ಅಂದೆ.

ಹೆಸರು ಹಾಕಬೇಡಿ, ಅವರ ಸಲುವಾಗಿ.

ಒಬ್ಬ ಓದುಗ, ಬೈನಾ, ವಾಸ್ಕೊ