ದೊಡ್ಡ ಬೈಕ್ ಯಾಕಿಲ್ಲ ಅಂತ ಕೇಳಿದವರಿಗೆಲ್ಲ

ನಮ್ಮ ಗೈಡ್‌ಗಳ ಜೊತೆ ಬೈಕಿನಲ್ಲಿ ಬೆಟ್ಟ ಹತ್ತಿದ, ಹತ್ತಲಿರುವ ಎಲ್ಲ ಸವಾರರಿಗೆ ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ಈ ಸೀಸನ್‌ನಿಂದ ಮೇಲಿನ ಕಲ್ಲುದಾರಿಗೆ 200 ಕೆಜಿಗಿಂತ ಭಾರದ ಬೈಕ್ ಬಿಡುತ್ತಿಲ್ಲ. ಪೆಟ್ರೋಲ್ ತುಂಬಿದ ಮೇಲಿನ ತೂಕ ಇದು. ನಮ್ಮ ಬಾಡಿಗೆ ಬೈಕಿಗೂ ಇದೇ ಮಾತು, ನೀವು ತರುವ ಸ್ವಂತ ಬೈಕಿಗೂ ಇದೇ ಮಾತು. ಹೊರಡುವ ಹಿಂದಿನ ದಿನ ಅರ್ಧ ದಿನದ ಅಭ್ಯಾಸ ಕಡ್ಡಾಯ. ಒಬ್ಬ ಗೈಡ್ ಹಿಂದೆ ಆರು ಜನ, ಅದಕ್ಕಿಂತ ಜಾಸ್ತಿ ಇಲ್ಲ. ಕೆಳಗಿನ ಮಣ್ಣುರಸ್ತೆಯ ಸವಾರಿ ಮೊದಲಿನ ಹಾಗೇ ಇರುತ್ತದೆ. ಅಲ್ಲಿಗೆ ಯಾವ ಬೈಕಾದರೂ ತನ್ನಿ.

ಇದನ್ನು ನಿಮಗೆ ತಿಳಿಸಿದ ರೀತಿ ಸರಿ ಇರಲಿಲ್ಲ. ದೊಡ್ಡ ಬೈಕ್ ಬುಕ್ ಮಾಡಿದ್ದವರಿಗೆ ಎರಡು ಸಾಲಿನ ಮೆಸೇಜ್ ಹಾಕಿ ಸುಮ್ಮನಾದೆವು. ಒಂದು ತಂಡಕ್ಕಂತೂ ಬೆಳಿಗ್ಗೆ ಶೆಡ್ ಬಾಗಿಲಿಗೆ ಬಂದ ಮೇಲೇ ಗೊತ್ತಾಗಿದ್ದು. ಅವರಿಗೆ ಬಂದ ಸಿಟ್ಟು ನ್ಯಾಯವೇ. ತಪ್ಪು ನಮ್ಮದು, ಕ್ಷಮಿಸಿ.

ಆದರೆ ಒಂದು ಮಾತಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ, ಉತ್ತರವನ್ನೇ ಕೊಡುತ್ತೇವೆ. ‘ದುಡ್ಡು ಉಳಿಸೋಕೆ ತಾನೇ ಇದೆಲ್ಲ?’ ಅಂತ ಎಷ್ಟು ಜನ ಕೇಳಿದರೋ ಲೆಕ್ಕವಿಲ್ಲ. ಬೆಟ್ಟಕ್ಕೆ ಪವರ್ ಬೇಕು, ಪವರ್ ಇರುವ ಬೈಕನ್ನೇ ತೆಗೆದುಬಿಟ್ಟಿರಿ, ಸಣ್ಣ ಬೈಕ್ ಕೊಟ್ಟು ಲಾಭ ಮಾಡಿಕೊಳ್ಳುತ್ತಿದ್ದೀರಿ ಅನ್ನುವುದು ಆಪಾದನೆ.

ಆ ಕಲ್ಲುದಾರಿಯಲ್ಲಿ ನೀವು ಎಷ್ಟು ವೇಗದಲ್ಲಿ ಹೋಗಿದ್ದಿರಿ, ಸ್ವಲ್ಪ ನೆನಪು ಮಾಡಿಕೊಳ್ಳಿ. ಗಂಟೆಗೆ 15 ಕಿ.ಮೀ., ಹೆಚ್ಚೆಂದರೆ 20. ಫಸ್ಟ್ ಗೇರ್, ಸೆಕೆಂಡ್ ಗೇರ್, ಅಷ್ಟೇ. ಆ ದೊಡ್ಡ ಬೈಕುಗಳಲ್ಲೊಂದಾದ ಬಿಎಂಡಬ್ಲ್ಯು ಆರ್ 1250 ಜಿಎಸ್‌ಗೆ 136 ಕುದುರೆಗಳ ಶಕ್ತಿ. ಅಲ್ಲಿ ಅದರಲ್ಲಿ ಮುಕ್ಕಾಲು ಪಾಲು ಕುದುರೆಗಳಿಗೆ ಕೆಲಸವೇ ಇಲ್ಲ, ಸುಮ್ನೆ ನಿಂತಿರುತ್ತವೆ. ಅದರ 249 ಕೆಜಿ ಮಾತ್ರ ಒಂದು ಕೆಜಿಯೂ ಬಿಡದೆ ನಿಮ್ಮ ಜೊತೆ ಮೇಲಕ್ಕೆ ಬರುತ್ತದೆ.

ಹಗುರ ಬೈಕುಗಳಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ತೂಕ 196 ಕೆಜಿ. ಎಕ್ಸ್‌ಪಲ್ಸ್ 200 ಇನ್ನೂ ಹಗುರ, 160ರ ಆಸುಪಾಸು. ಐವತ್ತು ಕೆಜಿ ಏನು ಮಹಾ ಅನ್ನಿಸಬಹುದು. ಬೈಕ್ ಇಳಿಜಾರಿನ ಕಡೆಗೆ ಬಿದ್ದಾಗ ಗೊತ್ತಾಗುತ್ತದೆ. ಚಕ್ರ ಮೇಲೆ, ಹ್ಯಾಂಡಲ್ ಕೆಳಗೆ, ಕಾಲಿಟ್ಟಲ್ಲೆಲ್ಲ ಜಾರುವ ಸಡಿಲ ಕಲ್ಲು. ಇಬ್ಬರು ಸೇರಿದರೂ ಕಷ್ಟ. ಮೇಲೆ ಹೋದಷ್ಟೂ ಗಾಳಿ ತೆಳ್ಳಗಾಗುತ್ತದೆ. 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಬಂದಿರುತ್ತದೆ. ನಮ್ಮ ದಾರಿ ಅಷ್ಟು ಎತ್ತರಕ್ಕೇನೂ ಹೋಗುವುದಿಲ್ಲ. ಆದರೂ ಭಾರದ ಬೈಕನ್ನು ಮೂರು ಸಲ ಎತ್ತಿದವರ ಮುಖ ನಾವು ನೋಡಿದ್ದೇವೆ. ನಾಲ್ಕನೇ ಸಲ ಅವರನ್ನು ಬೀಳಿಸುವುದು ಕಲ್ಲಲ್ಲ, ಸುಸ್ತು.

ಗಾಳಿ ಕಡಿಮೆಯಾದರೆ ಎಂಜಿನ್ನಿಗೂ ಉಸಿರು ಕಟ್ಟುತ್ತದೆ. ಪ್ರತಿ ಸಾವಿರ ಮೀಟರಿಗೆ ಸುಮಾರು ಹತ್ತರಲ್ಲೊಂದು ಪಾಲು ಶಕ್ತಿ ಕಳೆಯಿತು ಅಂತ ಇಟ್ಟುಕೊಳ್ಳಿ. ಅದಕ್ಕೇ ದೊಡ್ಡ ಎಂಜಿನ್ ಬೇಕು ಅನ್ನುತ್ತೀರಿ, ಗೊತ್ತು. ಕಳೆದು ಉಳಿದ ಶಕ್ತಿಯೂ ಹಗುರ ಬೈಕಿನ ಫಸ್ಟ್ ಗೇರಿಗೆ ಧಾರಾಳವಾಗಿ ಸಾಕು.

1981ರಲ್ಲಿ ಮರುಭೂಮಿಯ ಡಾಕರ್ ರ‍್ಯಾಲಿಯಲ್ಲಿ ಫ್ರಾನ್ಸಿನ ಸವಾರ ಉಬೇರ್ ಓರಿಯೋಲ್ ಗೆದ್ದದ್ದು ಬಿಎಂಡಬ್ಲ್ಯು ಜಿಎಸ್ ಮೇಲೆ ಅಂತ ಫೋಟೋ ಸಮೇತ ಕಳಿಸಿದವರೂ ಇದ್ದಾರೆ. ನಿಜ. ಅದೇ ಡಾಕರ್‌ನಲ್ಲಿ 2011ರಿಂದ 450 ಸಿಸಿಗಿಂತ ದೊಡ್ಡ ಎಂಜಿನ್ನಿಗೆ ಜಾಗವಿಲ್ಲ, ಇದೂ ನಿಜ. ಅಲ್ಲಿ ಆ ಮಿತಿ ತಂದದ್ದು ವೇಗ ತಗ್ಗಿಸಲು, ನಮ್ಮ ಕಾರಣ ಬೇರೆ. ಆದರೂ ಅಂಥ ಸವಾರರಿಗೇ 450 ಸಿಸಿ ಸಾಕಾಗುತ್ತದೆ, ಅಲ್ವಾ?

ದೊಡ್ಡ ಬೈಕ್ ಕೆಟ್ಟದ್ದು ಅಂತ ನಾವು ಎಂದೂ ಹೇಳಿಲ್ಲ. ಸಾಮಾನು ಹೇರಿಕೊಂಡು, ಹಿಂದೆ ಒಬ್ಬರನ್ನು ಕೂರಿಸಿಕೊಂಡು ದಿನವಿಡೀ ಹೋಗಲು ಅದರಷ್ಟು ಸುಖ ಬೇರೆ ಇಲ್ಲ. ಅದನ್ನು ಬಂಡೆಗಳ ಮೇಲೆ ಮೇಕೆಯ ಹಾಗೆ ಹತ್ತಿಸುವವರೂ ಇದ್ದಾರೆ. ನಮ್ಮ ಹಿರಿಯ ಗೈಡ್ ಅವರಲ್ಲೊಬ್ಬರು, ನೀವೇ ನೋಡಿದ್ದೀರಿ. ಅವರನ್ನು ನೋಡಿ ಆಸೆಪಟ್ಟು ಹೊರಟವರನ್ನು ನಾವು ಜೀಪಿನಲ್ಲಿ ವಾಪಸ್ ತಂದಿದ್ದೇವೆ.

ಈಗ ದುಡ್ಡಿನ ವಿಷಯ. ಖರ್ಚು ಉಳಿಯುತ್ತದಾ? ಉಳಿಯುತ್ತದೆ, ಮುಚ್ಚಿಡೋಕೆ ಏನಿದೆ. ಆದರೆ ಅಭ್ಯಾಸದ ದಿನಕ್ಕೂ ಸಣ್ಣ ತಂಡಕ್ಕೂ ಬೇಕಾಗುವ ಹೆಚ್ಚಿನ ಗೈಡ್‌ಗಳು ಉಳಿದದ್ದನ್ನೆಲ್ಲ ತಿಂದು ಹಾಕುತ್ತಾರೆ. ಹೊಟ್ಟೆ ಉರಿಯುವುದು ಬಾಡಿಗೆ ಬೈಕಿನ ಡೆಪಾಸಿಟ್‌ನಿಂದ ಹಣ ಹಿಡಿದುಕೊಳ್ಳುವ ಮಾತಿಗೆ. ‘ಒಂದು ಬ್ರೇಕ್ ಲಿವರ್‌ಗೆ ಇಷ್ಟು ಮುರಿದುಕೊಂಡರು’ ಅನ್ನುತ್ತಾರೆ. ಬೈಕ್ ಬಿದ್ದರೆ ಲಿವರ್ ಒಂದೇ ಹೋಗುವುದಿಲ್ಲ ಸ್ವಾಮಿ. ಹ್ಯಾಂಡಲ್ ಬಾಗಿರುತ್ತದೆ, ಗೇರ್ ಪೆಡಲ್ ಒಳಕ್ಕೆ ಹೋಗಿರುತ್ತದೆ, ರಿಮ್ ಸೊಟ್ಟಗಾಗಿರುತ್ತದೆ. ಒಂದಷ್ಟನ್ನು ನಾವೇ ತಟ್ಟಿ ಸರಿ ಮಾಡುತ್ತೇವೆ, ಅದಕ್ಕೆ ನಿಮ್ಮಿಂದ ಏನೂ ತೆಗೆದುಕೊಳ್ಳುವುದಿಲ್ಲ.

ಕ್ಲಚ್ ಕಥೆಯಂತೂ ಕೇಳಲೇಬೇಡಿ. ‘ಸುಟ್ಟ ವಾಸನೆ ಬಂತು, ಬೈಕೇ ಸರಿ ಇಲ್ಲ’ ಅನ್ನುತ್ತಾರೆ. ಏರಿನಲ್ಲಿ ಹಾಫ್ ಕ್ಲಚ್ ಹಿಡಿದುಕೊಂಡೇ ಥ್ರಾಟಲ್ ತಿರುಗಿಸಿದರೆ ಪ್ಲೇಟುಗಳು ಒಂದಕ್ಕೊಂದು ಉಜ್ಜಿ ಸುಡುತ್ತವೆ. ಆ ವಾಸನೆ ಅದು. ಬದಲಿಸಬೇಕಾದರೆ ಕವರ್ ಬಿಚ್ಚಬೇಕು, ಗ್ಯಾಸ್ಕೆಟ್ ಹೊಸದು ಹಾಕಬೇಕು, ಆಯಿಲ್ಲೂ ಹೊಸದು. ‘ವಿಮೆ ಇಲ್ವಾ?’ ಅಂತ ಕೇಳುತ್ತಾರೆ. ಸವೆದ ಕ್ಲಚ್ ಪ್ಲೇಟಿಗೆ, ಬ್ರೇಕ್ ಪ್ಯಾಡಿಗೆ ವಿಮೆ ಬರುವುದಿಲ್ಲ. ಕಚ್ಚಾ ದಾರಿಯ ಗಡ್ಡೆ ಗಡ್ಡೆ ಟೈರುಗಳನ್ನು ಟಾರ್ ರೋಡಿನಲ್ಲಿ ಜೋರಾಗಿ ಓಡಿಸಿ ನುಣ್ಣಗೆ ಮಾಡಿ ತಂದುಕೊಟ್ಟರೆ ಅದಕ್ಕೂ ಬರುವುದಿಲ್ಲ.

ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಹೋದ ಸೀಸನ್‌ನಲ್ಲಿ ಒಬ್ಬ ಸವಾರರು ಹೊಳೆ ದಾಟುವಾಗ ಭಾರದ ಬೈಕ್ ಸಮೇತ ನಡುನೀರಿನಲ್ಲಿ ಬಿದ್ದರು. ಗಾಬರಿಯಲ್ಲಿ ಎದ್ದವರೇ ಸ್ಟಾರ್ಟರ್ ಒತ್ತಿದರು. ಎಂಜಿನ್ ಒಳಗೆ ನೀರು ಸೇರಿತ್ತು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಪಿಸ್ಟನ್ ಮೇಲೆ ಬಂದು ನೀರಿಗೆ ಗುದ್ದಿತು, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಿತು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ಹೊರಗೆ ಬರುವವರೆಗೆ ಬಟನ್ ಮುಟ್ಟಬಾರದಿತ್ತು. ಆದರೆ ಅದನ್ನು ಅವರಿಗೆ ಮೊದಲೇ ಹೇಳಿಕೊಟ್ಟವರು ಯಾರು? ಯಾರೂ ಇಲ್ಲ. ಅಷ್ಟೇ ಅಲ್ಲ, ಹಿಮ ಕರಗಿ ಬರುವ ಹೊಳೆ ಬೆಳಿಗ್ಗೆ ಸಣ್ಣಗಿದ್ದು ಮಧ್ಯಾಹ್ನದ ಹೊತ್ತಿಗೆ ಏರುತ್ತದೆ. ನಾವು ತಡವಾಗಿ ಹೊರಟು ಅವರನ್ನು ಮಧ್ಯಾಹ್ನ ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಆ ಎಂಜಿನ್ನಿನ ಖರ್ಚು ನಾವೇ ಹಾಕಿಕೊಂಡೆವು. ಅವರು ಎಲ್ಲರಿಗೂ ಹೇಳಿದ್ದು ಮಾತ್ರ ನಮ್ಮ ಬೈಕ್ ಹಳೆಯದು ಅಂತ. ಇರಲಿ.

ಅರ್ಧ ದಿನದ ಅಭ್ಯಾಸ ಹುಟ್ಟಿದ್ದು ಅಲ್ಲಿಂದ. ‘ಇಪ್ಪತ್ತು ವರ್ಷದಿಂದ ಬೈಕ್ ಓಡಿಸ್ತಿದ್ದೀನಿ’ ಅನ್ನುವವರಿಗೆ ಗೌರವ ಇದೆ. ಆದರೆ ಆ ಇಪ್ಪತ್ತು ವರ್ಷವೂ ಕೂತು ಓಡಿಸಿದ್ದಲ್ವಾ? ಇಲ್ಲಿ ನಿಲ್ಲಬೇಕು. ಫುಟ್‌ಪೆಗ್ ಮೇಲೆ ನಿಂತು, ಮಂಡಿಯಿಂದ ಟ್ಯಾಂಕ್ ಹಿಡಿದು, ಕೈ ಸಡಿಲ ಬಿಟ್ಟರೆ ಬೈಕ್ ತನ್ನ ಪಾಡಿಗೆ ಕುಣಿಯುತ್ತದೆ, ನೀವು ಕುಣಿಯುವುದಿಲ್ಲ. ಮುಂಚಕ್ರದ ಎದುರಿನ ಕಲ್ಲನ್ನೇ ನೋಡಿದರೆ ನೇರ ಅದರ ಮೇಲೇ ಹೋಗುತ್ತೀರಿ. ಟೈರಿನ ಗಾಳಿ ಎಷ್ಟು ಇಳಿಸಬೇಕು, ಟ್ಯೂಬ್ ಇದ್ದರೆ ಎಷ್ಟಕ್ಕೆ ನಿಲ್ಲಿಸಬೇಕು, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಅನ್ನು ಹಿಂದಿನ ಚಕ್ರಕ್ಕೆ ಯಾವಾಗ ಆಫ್ ಮಾಡಬೇಕು, ಎಲ್ಲವನ್ನೂ ಆ ಹೊತ್ತಿನಲ್ಲಿ ಕೈಯಾರೆ ಮಾಡಿಸುತ್ತೇವೆ. ಬೈಕ್ ಬೀಳಿಸಿ ಎತ್ತಿಸುವುದೂ ಇದೆ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಈಗಾಗಲೇ ದೊಡ್ಡ ಬೈಕ್ ಬುಕ್ ಮಾಡಿದವರು ಹಗುರ ಬೈಕ್ ತೆಗೆದುಕೊಂಡರೆ ಬಾಡಿಗೆಯ ವ್ಯತ್ಯಾಸ ವಾಪಸ್. ಬೇಡ ಅನ್ನಿಸಿದರೆ ಪೂರ್ತಿ ಹಣ ವಾಪಸ್, ಪ್ರಶ್ನೆ ಕೇಳುವುದಿಲ್ಲ. ಬರುವವರು ಕಣಕಾಲು ಮುಚ್ಚುವ ಗಟ್ಟಿ ಬೂಟು ಮರೆಯಬೇಡಿ. ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದವರನ್ನು ಈ ಸಲ ನಿಜಕ್ಕೂ ನಿಲ್ಲಿಸುತ್ತೇವೆ.

ಇನ್ನೂ ಸಮಾಧಾನ ಆಗದಿದ್ದರೆ ಫೋನ್ ಮಾಡಿ. ನಾನೇ ತೆಗೆಯುತ್ತೇನೆ. ಸಂಜೆ ಆರರ ಮೇಲೆ ಆದರೆ ಒಳ್ಳೆಯದು, ಹಗಲೆಲ್ಲ ಕೈ ತುಂಬ ಗ್ರೀಸ್ ಇರುತ್ತದೆ.

ಗೈಡ್‌ಗಳು, ಮೆಕ್ಯಾನಿಕ್‌ಗಳು ಎಲ್ಲರ ಪರವಾಗಿ,
ಶೆಡ್‌ನಿಂದ ನಿಮ್ಮವನು