ನೀವು ಕಳಿಸಿದ ಸ್ಪ್ರೇ ಟೆಂಟ್‌ನ ಫ್ಯಾನ್‌ನಲ್ಲಿ ಕಿಡಿ ಹಾರುತ್ತಿದೆ

ಇಂದ: ಒಬ್ಬ ಗ್ರಾಹಕ, ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ
ಗೆ: ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಮನೆ ಬಳಕೆಯ ಸ್ಪ್ರೇ ಪೇಂಟಿಂಗ್ ಟೆಂಟ್ ಕಿಟ್‌ನ ಅಪಾಯಕಾರಿ ಫ್ಯಾನ್ ಬಗ್ಗೆ ದೂರು

ಮಾನ್ಯರೇ,

ಜೂನ್ ಮೊದಲ ವಾರದಲ್ಲಿ 11,400 ರೂಪಾಯಿ ಕೊಟ್ಟು ನಿಮ್ಮ ಸ್ಪ್ರೇ ಟೆಂಟ್ ಕಿಟ್ ತರಿಸಿಕೊಂಡೆ. ಟೆಂಟ್, ಫ್ಯಾನ್, ಗಾಳಿ ಹೊರಗೆ ಬಿಡುವ ಪೈಪ್, ಗನ್, ಮಾಸ್ಕ್ ಎಲ್ಲ ಒಂದೇ ಡಬ್ಬದಲ್ಲಿ ಬಂದವು. ಮನೆಯಲ್ಲಿ ಸುರಕ್ಷಿತ, ಎಲ್ಲ ಕಾಲಕ್ಕೂ ಸರಿ ಎಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದಿತ್ತು. ಅದನ್ನು ನಂಬಿದೆ.

ನಮ್ಮಲ್ಲಿ ಅಜ್ಜನ ಕಾಲದ ಹಲಸಿನ ಮರದ ಬೀರು ಇದೆ. ಹಳೇ ಪಾಲಿಶ್ ತಿಕ್ಕಿ ತೆಗೆಯುವುದಕ್ಕೇ ಎಂಟು ದಿನ ಹಿಡಿಯಿತು. ಚೌತಿಯೊಳಗೆ ಲ್ಯಾಕರ್ (ಮರಕ್ಕೆ ಹೊಳಪು ಕೊಡುವ, ಬೇಗ ಆರುವ ಲೇಪ) ಹೊಡೆದು ಮುಗಿಸಬೇಕು ಅಂತ ಆಸೆ. ಹಿತ್ತಿಲ ಕಡೆಯ ಜಗಲಿಯಲ್ಲಿ ಟೆಂಟ್ ಕಟ್ಟಿ, ನಿಮ್ಮ ಪುಸ್ತಕದಲ್ಲಿ ಹೇಳಿದ ಹಾಗೆಯೇ ಪೈಪ್ ಹೊರಗೆ ಬಿಟ್ಟೆ. ಪೈಪ್ ಇರುವುದೇ ಐದು ಅಡಿ. ಅದು ಮುಗಿಯುವ ಕಡೆಯಿಂದ ನಮ್ಮ ಬಚ್ಚಲಮನೆ ಹನ್ನೆರಡು ಅಡಿಯೂ ಇಲ್ಲ.

ಮೊದಲು ಸಣ್ಣ ತೊಂದರೆ ಹೇಳುತ್ತೇನೆ. ಫ್ಯಾನ್ ಹಾಕಿದ ಕೂಡಲೇ ಟೆಂಟ್‌ನ ಬಟ್ಟೆ ಒಳಕ್ಕೆ ಸೆಳೆದುಕೊಂಡು ಬೀರಿನ ಬಾಗಿಲಿಗೆ ತಾಗುತ್ತದೆ. ಗಾಳಿ ಹೊರಗೆ ಹೋಗಲು ತೂತು ಇಟ್ಟಿದ್ದೀರಿ, ಒಳಗೆ ಬರಲು ದಾರಿಯೇ ಇಲ್ಲ. ಎದುರು ಬದಿಯಲ್ಲಿ ಫಿಲ್ಟರ್ ಹಾಕಿದ ಕಿಟಕಿ ಬೇಕು, ಅದೂ ಈ ತೂತಿಗಿಂತ ದೊಡ್ಡದು. ನಾನು ಜಿಪ್ ಅರ್ಧ ತೆಗೆದು ಕೆಲಸ ಮಾಡಬೇಕಾಯಿತು.

ಇನ್ನು ಹೊಡೆದ ಲ್ಯಾಕರ್ ಐದೇ ನಿಮಿಷದಲ್ಲಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಇದರಲ್ಲಿ ನನ್ನ ತಪ್ಪೂ ಇದೆ. ಆರಿದ್ರಾ ಮಳೆ ಹೊಯ್ಯುವಾಗ ಎನ್.ಸಿ. (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆಯಬಾರದಿತ್ತು. ಲ್ಯಾಕರ್ ತೆಳು ಮಾಡಲು ಬೆರೆಸುವ ತಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂರುತ್ತದೆ. ಆಮೇಲೆ ಮಳೆ ಹೊಳವಾದ ಒಂದು ದಿನ, ಟೆಂಟ್ ಇಲ್ಲದೆ ಅಂಗಳದಲ್ಲೇ, ನಿಧಾನ ಆರುವಂತೆ ಮಾಡುವ ರಿಟಾರ್ಡರ್ ಸೇರಿಸಿ ತೆಳುವಾಗಿ ಹೊಡೆದು ಸರಿ ಮಾಡಿಕೊಂಡೆ. ಅದಕ್ಕೆ ದೂರು ಕೊಡುತ್ತಿಲ್ಲ. ಆದರೆ 'ಎಲ್ಲ ಕಾಲಕ್ಕೂ' ಎನ್ನುವ ಮಾತು ಡಬ್ಬದಿಂದ ತೆಗೆಯಿರಿ. ಮಲೆನಾಡಿನ ಮಳೆಗಾಲಕ್ಕೆ ಅದು ಸುಳ್ಳು.

ನನ್ನ ದೂರು ಫ್ಯಾನ್ ಬಗ್ಗೆ. ಎರಡನೇ ಬಾಗಿಲಿಗೆ ಹೊಡೆಯುವಾಗ ಮೋಡ ಕವಿದು ಜಗಲಿ ಕತ್ತಲಾಗಿತ್ತು. ಫ್ಯಾನ್ ಕಡೆ ತಿರುಗಿ ನೋಡಿದೆ. ಮೋಟಾರಿನ ಸಂದಿಯಲ್ಲಿ ನೀಲಿ ಕಿಡಿಗಳು ಸಣ್ಣಗೆ ಚಟಚಟ ಅನ್ನುತ್ತಿದ್ದವು. ಸುತ್ತ ತಿನ್ನರ್ ಆವಿ, ನಡುವೆ ಈ ಕಿಡಿ. ಕೈ ನಡುಗಿತು. ಓಡಿ ಹೋಗಿ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿದೆ. ಅದೇ ಹೊತ್ತಿಗೆ ಅಮ್ಮ ಬಚ್ಚಲಿಂದ ಕೂಗಿದರು, "ಇಲ್ಲೆಲ್ಲ ತಿನ್ನರ್ ವಾಸನೆ ಬರ್ತಿದೆ, ಒಲೆ ಹಚ್ಚಲಾ ಬೇಡ್ವಾ?" ಅವರ ಕೈಯಲ್ಲಿ ಬೆಂಕಿಪೊಟ್ಟಣ ಇತ್ತು. ತಿನ್ನರ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲ ಹಿಡಿದು ಹರಿಯುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಬಚ್ಚಲ ಒಲೆ ಆರಿರುವ ಹೊತ್ತೇ ಕಮ್ಮಿ. ಅವತ್ತು ಅಮ್ಮ ಕೇಳದೆ ಕಡ್ಡಿ ಗೀರಿದ್ದರೆ ಏನಾಗುತ್ತಿತ್ತು ಅಂತ ಈಗಲೂ ರಾತ್ರಿ ಎಚ್ಚರವಾದಾಗ ನೆನಪಾಗುತ್ತದೆ.

ಮಾರನೇ ದಿನ ಊರಿನ ಎಲೆಕ್ಟ್ರಿಷಿಯನ್ ಫ್ಯಾನ್ ಬಿಚ್ಚಿ ನೋಡಿದರು. ಒಳಗೆ ಕಾರ್ಬನ್ ಬ್ರಷ್ ಇರುವ ಮೋಟಾರ್. ಬ್ರಷ್ ಮೋಟಾರ್ ಅಂದರೆ ಕಿಡಿ ಇದ್ದದ್ದೇ. ಅದನ್ನು ಆವಿ ಹಾದುಹೋಗುವ ದಾರಿಯಲ್ಲೇ ಕೂರಿಸಿದ್ದೀರಿ. ಲ್ಯಾಕರ್ ತಿನ್ನರ್‌ನಲ್ಲಿ ಸಾಮಾನ್ಯವಾಗಿ ಬಳಸುವ ಟೊಲ್ವೀನ್ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಮಳೆಗಾಲದ ಜಗಲಿ ಅದಕ್ಕಿಂತ ಎಷ್ಟೋ ಬೆಚ್ಚಗಿರುತ್ತದೆ. ಕಿಡಿ ಬರದ ಮೋಟಾರ್ ಹಾಕಬೇಕು, ಹತ್ತಿರ ಒಲೆ ಇರಬಾರದು ಎಂದು ನಿಮ್ಮ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಮಾಸ್ಕ್ ಕೂಡ ಬರೀ ಧೂಳಿನದು. ಆವಿ ತಡೆಯಲು ಕಾರ್ಬನ್ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕಲ್ವಾ? ತಲೆ ತಿರುಗಿದ ಮೇಲೆ ನಾನೇ ಶಿವಮೊಗ್ಗಕ್ಕೆ ಹೋಗಿ ತಂದುಕೊಂಡೆ.

ನಿಮ್ಮ ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. "ಎಲ್ಲರೂ ಬಳಸ್ತಾರೆ ಸರ್, ಯಾರಿಗೂ ಏನೂ ಆಗಿಲ್ಲ" ಎಂದರು. ಕೊನೆಗೆ ಅದೇ ಮಾದರಿಯ ಹೊಸ ಫ್ಯಾನ್ ಕಳಿಸುತ್ತೇವೆ ಎಂದರು. ಅದು ನನಗೆ ಬೇಡ.

ನನ್ನ ಹಣ ಪೂರ್ತಿ ವಾಪಸ್ ಕೊಡಿ. ಅದಕ್ಕಿಂತ ಮುಖ್ಯವಾಗಿ, ಈ ಕಿಟ್ ತೆಗೆದುಕೊಂಡ ಪ್ರತಿಯೊಬ್ಬರಿಗೂ ಫ್ಯಾನ್ ಬಳಸಬೇಡಿ ಎಂದು ಈ ವಾರವೇ ತಿಳಿಸಿ. ಅವರ ಫೋನ್ ನಂಬರ್ ನಿಮ್ಮ ಹತ್ತಿರ ಇದೆ. ಬೆಂಕಿಯ ಎಚ್ಚರಿಕೆಯನ್ನು ಕನ್ನಡದಲ್ಲೂ ಅಚ್ಚು ಹಾಕಿ. ಇಂಗ್ಲಿಷ್ ಓದಲು ಬಾರದ ಬಡಗಿಗಳೂ ಇಂಥ ಕಿಟ್ ತೆಗೆದುಕೊಳ್ಳುತ್ತಾರೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸರಿಯಾದ ಎಚ್ಚರಿಕೆ ಕೊಡದೆ ಮಾರಿದ ವಸ್ತುವಿನಿಂದ ಹಾನಿಯಾದರೆ ತಯಾರಕರೇ ಹೊಣೆ. ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ.

ಬಿಲ್ಲಿನ ಪ್ರತಿ, ಮೋಟಾರಿನ ಫೋಟೋ, ಡಬ್ಬದ ಫೋಟೋ ಜೊತೆಗಿಟ್ಟಿದ್ದೇನೆ. ಯಾರೂ ತಪ್ಪಿ ಹಾಕಬಾರದು ಅಂತ ಫ್ಯಾನ್‌ನ ವೈರ್ ಕತ್ತರಿಸಿದ್ದೇನೆ. ನಿಮ್ಮವರು ಬಂದರೆ ಪರೀಕ್ಷೆಗೆ ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ