ಲೆಕ್ಕಕ್ಕೆ ಮೊದಲು ಪಟ್ಟಿ ಬರೆಸಿ

ಮಾನ್ಯ ಸಂಪಾದಕರೇ,

ಆರನೇ ಕ್ಲಾಸಿನ ನನ್ನ ಮಗಳು ಭಿನ್ನರಾಶಿ ಲೆಕ್ಕಗಳನ್ನು ಗೈಡ್ ನೋಡಿ ಬಾಯಿಪಾಠ ಮಾಡುತ್ತಿದ್ದಾಳೆ. ಒಂದು ಲೆಕ್ಕ ಹೀಗಿದೆ: ರೈತನ ಬಳಿ 240 ತೆಂಗಿನಕಾಯಿ. ಮೂರನೇ ಒಂದು ಭಾಗ ಮಾರಿದ. ಉಳಿದದ್ದರಲ್ಲಿ ಕಾಲು ಭಾಗ ತಮ್ಮನಿಗೆ ಕೊಟ್ಟ. ಮಿಕ್ಕಿದ್ದೆಷ್ಟು?

ಮಗಳೂ ಅವಳ ಗೆಳತಿಯರೂ 1/3ಕ್ಕೆ 1/4 ಕೂಡಿಸಿ, 7/12 ಕಳೆದು, 100 ಅಂತ ಬರೆದಿದ್ದರು. ಕೂಡಿಸಿದ್ದು, ಕಳೆದದ್ದು ಎಲ್ಲ ಸರಿಯೇ. ಕಾಲು ಭಾಗ ಯಾವುದರದ್ದು ಅಂತ ನೋಡಿಲ್ಲ, ಅಷ್ಟೇ.

ನಾನು ಕೊಬ್ಬರಿ ವ್ಯಾಪಾರಿ, ಮೇಷ್ಟ್ರಲ್ಲ. ಸುಮ್ನೆ ಒಂದು ಉದ್ದ ಪಟ್ಟಿಯ ಚಿತ್ರ ಬರೆಸಿದೆ. ಮೂರು ಮನೆ ಮಾಡು, ಒಂದೊಂದರಲ್ಲಿ 80. ಮಾರಿದ ಮನೆಯನ್ನು ಹೊಡೆದುಹಾಕು. ಉಳಿದ ಎರಡನ್ನು ಅರ್ಧರ್ಧ ಮಾಡು. ಈಗ ನಾಲ್ಕು ತುಂಡು, ಒಂದೊಂದು 40. ಅದರಲ್ಲೊಂದು ತಮ್ಮನಿಗೆ. ಮಿಕ್ಕಿದ್ದು 120. ‘ಅಯ್ಯೋ, ಸರಿಯಾಗಿ ಅರ್ಧ ಉಳೀತು!’ ಅಂದಳು. ಪಟ್ಟಿ ನೋಡಿದರೆ ಅದು ಕಣ್ಣಿಗೇ ಕಾಣುತ್ತದೆ.

ಉಳಿದದ್ದರಲ್ಲಿ ಭಾಗ ತೆಗೆಯುವ ಲೆಕ್ಕಗಳನ್ನು 9ನೇ ಶತಮಾನದಲ್ಲೇ, ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯರು ಬೇರೆ ಬಗೆಯೆಂದೇ ವಿಂಗಡಿಸಿದ್ದರು. ನಮ್ಮ ಗೈಡುಗಳು ಮಾತ್ರ ಎಲ್ಲಕ್ಕೂ ಒಂದೇ ಸಾಲಿನ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತವೆ.

ಪಟ್ಟಿ ಬರೆದು ಹಂತ ಹಂತವಾಗಿ ಬಿಡಿಸಿದ ಮಗುವಿಗೆ, ಕೊನೆಯ ಗುಣಾಕಾರ ತಪ್ಪಿದರೂ, ಹಂತಗಳಿಗೆ ಅಂಕ ಕೊಡಬೇಕು ಅಲ್ವಾ? ಶಿಕ್ಷಕರು ಇದನ್ನು ದಯವಿಟ್ಟು ಗಮನಿಸಲಿ. ನಿಮ್ಮ ವಿದ್ಯಾರ್ಥಿ ಪುಟದಲ್ಲೂ ವಾರಕ್ಕೊಂದು ಲೆಕ್ಕವನ್ನು ಚಿತ್ರದ ಸಮೇತ ಬಿಡಿಸಿ ತೋರಿಸಿ.

– ಕೊಬ್ಬರಿ ವ್ಯಾಪಾರಿ, ತಿಪಟೂರು